ಪಿಸ್ತೂಲ ಪುರಾಣ

ಸಂಗಮೇಶನ ಹೆಂಡತಿ ಧನಶ್ರೀ ಬೆಳಿಗ್ಗೆಯೇ ಖಡಾಖಡಿ ಹೇಳಿದ್ದಳು: "ಇನ್ನೊಂದು ರದ್ದಿ ಪುಸ್ತಕ ಮನ್ಯಾಗ ಬಂತಂದ್ರ, ಟ್ರಂಕಿನ್ಯಾಗಿನ ಇನ್ನೂರೂ ಹೊರಗ ಹೋಗ್ತಾವ, ನೋಡ್ರಿ!"

ಆ ಇನ್ನೂರು ಅವನ ಪಂಚಪ್ರಾಣ. ಕತೆ ಹಾಗಿರಲಿ, ಬರೀ ಮುಖಪುಟದ ಚಿತ್ರಕ್ಕಾಗಿ ಹನ್ನೆರಡು ವರ್ಷ ಹುಡುಕಿ ತಂದ ಹಳೇ ಪತ್ತೇದಾರಿ ಕಾದಂಬರಿಗಳು ಅವು. ಆದರೂ ನಾಯಿ ಬಾಲ ಡೊಂಕೇ. ಜೋರಾಪುರ ಪೇಟೆಯಲ್ಲಿ ಯಾಕೂಬನ ರದ್ದಿ ಅಂಗಡಿ ಕಂಡೊಡನೆ ಸ್ಕೂಟರ್ ತಾನಾಗಿ ನಿಂತಿತು. ರಾಶಿಯ ತಳದ ಮುಖಪುಟವೊಂದರಲ್ಲಿ ಅವಳಿದ್ದಳು: ಕೆಂಪು ಸೀರೆ, ಕೈಯಲ್ಲಿ ಪಿಸ್ತೂಲು, ಕಾಲಬುಡದಲ್ಲಿ ಸೂಟು ತೊಟ್ಟ ಹೆಣ. ಐವತ್ತು ವರ್ಷವಾದರೂ ತುಟಿಯ ರಂಗು ಮಾಸಿರಲಿಲ್ಲ.

"ಮನಿಗೆ ಹೆಂಗ ಒಯ್ಯಲಿ ಯಾಕೂಬಭಾಯಿ?"

"ಚಿಂತಿ ಯಾಕ ಮಾಡ್ತೀರಿ ಸಾಹೇಬ್ರ?" ಎನ್ನುತ್ತ ಯಾಕೂಬ ಹಳೇ ಕ್ಯಾಲೆಂಡರಿನ ಹಾಳೆ ಹರಿದು ಪುಸ್ತಕಕ್ಕೆ ಹೊದಿಸಿಕೊಟ್ಟ. ಪಿಸ್ತೂಲಿನ ಹೆಣ್ಣಿನ ಮೇಲೆ ಸತ್ಯನಾರಾಯಣ ಬಂದು ಕುಳಿತ.

ಅಥಣಿ ರಸ್ತೆಯ ಬಾಡಿಗೆ ಮನೆಯ ಮೆಟ್ಟಿಲ ಬಳಿ, ಕೆಳಗಿನ ಮನೆಯಲ್ಲಿರುವ ಮಾಲಕಿ ವತ್ಸಲಾಬಾಯಿ ಹೊದಿಕೆಯ ದೇವರನ್ನು ನೋಡಿ ಕೈ ಮುಗಿದರು. "ದೇವರಽ ಕಳಿಸ್ಯಾನ ನಿನ್ನ! ಶ್ರಾವಣದ ಪೋಥಿ ಓದೋ ಆಚಾರ್ರಿಗೆ ಗಂಟಲಾ ಕಟ್ಟೇದ. ಬಾರಪ್ಪಾ, ನಿನ್ನ ಪುರಾಣಾನಽ ಓದು."

"ಬಾಯಾರ, ನಂದಿನ್ನೂ ಜಳಕ ಆಗಿಲ್ರಿ..."

"ಕಾಲು ತೊಳಕೊಂಡ್ರ ಸಾಕು, ಬಾ."

ಒಳಗೆ ಓಣಿಯ ಇಪ್ಪತ್ತು ಹೆಂಗಸರು. ಮೊದಲ ಸಾಲಿನಲ್ಲೇ ಧನಶ್ರೀ! ಸಂಗಮೇಶನ ಜೀವ ಬಾಯಿಗೆ ಬಂತು.

ಪುಟ ತೆರೆದ. ಆರಂಭದಲ್ಲೇ ಕ್ಯಾಬರೆ ನರ್ತಕಿ. ಅವಳನ್ನು ಅಪ್ಸರೆ ಮಾಡಿದ. ಫಿಯೆಟ್ ಕಾರು ರಥವಾಯಿತು, ವಿಸ್ಕಿ ಸೋಮರಸವಾಯಿತು, ಪತ್ತೇದಾರ ನಾರದನಾದ. ಪಿಸ್ತೂಲು ಬಂದಾಗ ಬೆವರೊರೆಸಿಕೊಂಡು "ಅಗ್ನಿಬಾಣ" ಎಂದು ಪಾರಾದ. ಆದರೆ ಅವಸರದಲ್ಲಿ ರಾಕ್ಷಸನ ಕೈಗೆ ಸೂಟ್‌ಕೇಸ್ ಕೊಟ್ಟುಬಿಟ್ಟ.

"ಆವಾಗ ಸೂಟ್‌ಕೇಸ್ ಇತ್ತೇನ್ರಿ?" ಎದುರುಮನೆಯ ಸೌಭಾಗ್ಯ ಕೇಳಿದಳು.

"ಸುಮ್ಮ ಕೂಡ್ರವಾ!" ವತ್ಸಲಾಬಾಯಿ ಗದರಿದರು. "ಆವಾಗ ಎಲ್ಲಾ ಇತ್ತು. ನಮಗ ಗೊತ್ತಿಲ್ಲ ಅಷ್ಟಽ."

ಅಪ್ಸರೆ ವಿಷ ಕುಡಿಯುವ ಹೊತ್ತಿಗೆ ಎಲ್ಲರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಧನಶ್ರೀ ಅಳುತ್ತಲೇ ಎದ್ದು ಹೋದಳು. ಚಹಾಕ್ಕಿಡಲು ಹೋಗಿರಬೇಕು ಅಂದುಕೊಂಡ ಅವನು.

ಮಂಗಳಾರತಿ ಮುಗಿದು ಅವನು ಪುಸ್ತಕ ಬಗಲಿಗಿಡುವಷ್ಟರಲ್ಲಿ ವತ್ಸಲಾಬಾಯಿ ಕಸಿದುಕೊಂಡರು. "ಮುಗಿಯೋತನಕ ಪೋಥಿ ದೇವರ ಮನ್ಯಾಗಽ ಇರಬೇಕು." ಹೋದರೆ ಒಂದು ಹೋಯಿತು, ಇನ್ನೂರು ಉಳಿದವಲ್ಲ! ಸಂಗಮೇಶ ಸಿಳ್ಳೆ ಹಾಕುತ್ತ ಮೆಟ್ಟಿಲು ಹತ್ತಿದ.

ಬಾಗಿಲಲ್ಲೇ ಧನಶ್ರೀ ಅವನ ಕಾಲಿಗೆ ಬಿದ್ದಳು.

"ನಿಮ್ಮನ್ನ ತಪ್ಪು ತಿಳಕೊಂಡಿದ್ನಿರಿ. ಇಂಥಾ ಭಕ್ತಿ ಇದ್ದವರ ಮನ್ಯಾಗ ಆ ಹೊಲಸು ಚಿತ್ರದ ಪುಸ್ತಕ ಯಾಕ? ರದ್ದಿ ಗಾಡಿ ಬಂದಿತ್ತು, ಟ್ರಂಕ್ ಸಮೇತ ಕೊಟ್ಟುಬಿಟ್ಟೇನಿ. ಆ ರೊಕ್ಕದಾಗ ನಿಮಗ ಪೋಥಿ ಇಟ್ಟು ಓದಾಕ ಈ ವ್ಯಾಸಪೀಠ ತಂದೇನಿ, ನೋಡ್ರಿ!"