ಅಲೆಯೇರಿದ ಇಂಜಿನಿಯರ್

ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಇಂಜಿನಿಯರ್ ಸಾಹೇಬರು ಆ ದಿನ ದಡದ ಮೇಲೇ ಇರುತ್ತಿದ್ದರು.

ಸಮುದ್ರದೊಳಗೆ ದಿಬ್ಬ ಕಟ್ಟಿಸಿದವರು ಅವರು. ಕಡಲು ವರ್ಷವರ್ಷವೂ ಮರಳದಂಡೆಯನ್ನು ನೆಕ್ಕಿ ನೆಕ್ಕಿ ರಸ್ತೆಯ ಅಂಚಿಗೇ ಬಂದಿತ್ತು. ಲಾರಿಗಾತ್ರದ ಮರಳುಚೀಲಗಳನ್ನು ನೀರಿನಡಿ ಪೇರಿಸಿದರೆ ಅಲೆಯ ಸಿಟ್ಟೆಲ್ಲ ಅಲ್ಲೇ ಇಳಿಯುತ್ತದೆ, ದಂಡೆ ಉಳಿಯುತ್ತದೆ. ಮೇಲಾಗಿ ಅಲೆ ಅಲ್ಲಿ ಚೆಂದವಾಗಿ ಸುರುಳಿಯೆದ್ದು, ಸರ್ಫಿಂಗ್ ಹಲಗೆ ಹತ್ತಿ ಸವಾರಿ ಮಾಡುವವರು ಊರಿಗೆ ಮುಗಿಬೀಳುತ್ತಾರೆ ಎಂದು ಎಲ್ಲರನ್ನೂ ನಂಬಿಸಿದ್ದರು. ಇವತ್ತು ಪರೀಕ್ಷೆ. ಸವಾರಿಗೆಂದು ಕರೆಸಿದ್ದ ಚಾಂಪಿಯನ್ ಹುಡುಗಿ ಮಾತ್ರ ಕಾಲು ಉಳುಕಿಸಿಕೊಂಡು ಬಸ್ಸಿನಿಂದ ಕುಂಟುತ್ತ ಇಳಿದಳು.

"ಈಗ ಯಾರ್ರೀ ಹತ್ತೋರು?" ಪುರಸಭೆಯ ಅಧ್ಯಕ್ಷೆ ಮುಖ ಗಂಟಿಕ್ಕಿದರು.

"ಅದೇನ್ ಮಹಾ ಮೇಡಂ! ನನ್ನ ದಿಬ್ಬದ ಅಲೆ ಮೇಲೆ ಯಾರು ಬೇಕಾದ್ರೂ ಹೋಗಬಹುದು," ಎಂದುಬಿಟ್ಟರು ಸಾಹೇಬರು.

"ಹಾಗಾದ್ರೆ ನೀವೇ ಹೋಗಿ."

ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. ಸಮುದ್ರದ ಆಳ, ಇಳಿಜಾರು, ಸೆಳೆತ ಎಲ್ಲ ಅವರಿಗೆ ಬಾಯಿಪಾಠ. ಆದರೆ ಈಜು? ಮೊಣಕಾಲಿನ ಮೇಲೆ ನೀರು ಬಂದರೆ ಎದೆ ಡವಡವ ಎನ್ನುತ್ತಿತ್ತು. ದಿಬ್ಬದ ಕೆಲಸವನ್ನೆಲ್ಲ ದೋಣಿಯ ಕಂಬ ಅಪ್ಪಿಕೊಂಡೇ ಮಾಡಿಸಿದ್ದರು.

ಅಷ್ಟರಲ್ಲಿ ಅವರ ಅತ್ತೆ ದಂಡೆಗೆಲ್ಲ ಕೇಳುವಂತೆ ಕೂಗಿದರು, "ನಮ್ಮ ಅಳಿಯಂದ್ರೇ ಹತ್ತುತ್ತಾರಂತೆ, ಬನ್ರೇ!"

"ಅತ್ತೆ, ಹೊಟ್ಟೆ ಯಾಕೋ ತಿರುವ್ತಿದೆ..."

"ಉಪ್ಪುನೀರು ಎರಡು ಗುಟುಕು ಒಳಗೆ ಹೋದ್ರೆ ಎಲ್ಲ ಸರಿಹೋಗುತ್ತೆ," ಎಂದು ಅತ್ತೆ ಅವರಿಗೆ ತೇಲುವ ಜಾಕೆಟ್ಟು ತೊಡಿಸಿ, ಮೂಟೆ ಕಟ್ಟುವಂತೆ ಬಿಗಿದರು.

ಚೀಲ ಪೇರಿಸಿದ ಮುಳುಗುಗಾರನ ಕಿವಿಯಲ್ಲಿ ಸಾಹೇಬರು ಪಿಸುಗುಟ್ಟಿದರು, "ನಂಗೆ ಈಜು ಬರಲ್ಲ ಕಣಪ್ಪಾ!"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಸಾಹೇಬ್ರ ತಮಾಷೆ ನೋಡ್ರೋ!" ಎನ್ನುತ್ತ ದೋಣಿಗೆ ಎಳೆದುಕೊಂಡ.

ದಿಬ್ಬದ ಆಚೆ ಅವರನ್ನು ಹಲಗೆಯ ಮೇಲೆ ಬೋರಲು ಮಲಗಿಸಿದರು. ಸಾಹೇಬರು ಗೋಡೆಗಂಟಿದ ಹಲ್ಲಿಯಂತೆ ಅಂಟಿಕೊಂಡರು. ಕಡಲು ಹಾಸಿದ ಚಾಪೆಯಂತೆ ತೆಪ್ಪಗಿತ್ತು. ಪರೀಕ್ಷೆ ರದ್ದಾದೀತೆಂದು ಒಳಗೊಳಗೇ ಖುಷಿಪಡುವಷ್ಟರಲ್ಲಿ ದಂಡೆಯ ಕಡೆಯಿಂದ ಧ್ವನಿವರ್ಧಕದಲ್ಲಿ ಅಧ್ಯಕ್ಷೆಯ ಗೊಣಗಾಟ ಕೇಳಿಬಂತು: "ಅಷ್ಟೂ ಚೀಲ ನೀರುಪಾಲು!" ಅಲೆ ಬಂದರೆ ತಾನು ಮುಳುಗಬೇಕು, ಬಾರದಿದ್ದರೆ ಮಾನ ಮುಳುಗಬೇಕು. ಸಾಹೇಬರು ಕಣ್ಣು ಮುಚ್ಚಿ, "ಬಾರಮ್ಮಾ ತಾಯಿ, ಬಂದುಬಿಡು!" ಎಂದರು.

ಬಂತು. ಹಿಂದಿನಿಂದ ನೀರು ಬೆನ್ನುಬ್ಬಿಸಿತು. ದಿಬ್ಬಕ್ಕೆ ಎಡವಿದ್ದೇ ತಡ, ಗಾಜಿನ ಗೋಡೆಯಂತೆ ಎದ್ದು ನಿಂತಿತು. "ಹಿಡ್ಕೊಳ್ಳಿ ಸಾಹೇಬ್ರೇ!" ಎಂದು ಮುಳುಗುಗಾರ ಹಲಗೆಯನ್ನು ನೂಕಿದ.

ಸಾಹೇಬರು ಒಂದು ಕಣ್ಣು ತೆರೆದರು. ಪಕ್ಕದಲ್ಲೇ ಅಲೆ ಎಡದಿಂದ ಬಲಕ್ಕೆ ಸುರುಳಿ ಸುತ್ತುತ್ತ ಓಡುತ್ತಿತ್ತು. "ಅರೆ! ನಾನು ನಕ್ಷೆ ಬರೆದ ಹಾಗೇ ಮಡಚಿಕೊಳ್ತಿದೆ!" ಭಯವೆಲ್ಲ ಮರೆತುಹೋಯಿತು. ಸುರುಳಿಯ ತುದಿ ಕಾಣಲೆಂದು, ಸಂತೋಷದ ಭರದಲ್ಲಿ, ಎದ್ದೇ ನಿಂತುಬಿಟ್ಟರು! ಕೈಬೀಸುತ್ತ, ಕಿರುಚುತ್ತ, ಬಾಣದಂತೆ ಬಂದು ಅತ್ತೆಯ ಕಾಲ ಬುಡದಲ್ಲಿ ಮರಳಿಗೆ ಮುಖ ಹುಗಿದು ಬಿದ್ದರು.

ದಂಡೆಯೇ ಹುಚ್ಚೆದ್ದು ಕುಣಿಯಿತು. "ಇನ್ನೊಂದ್ಸಲ! ಇನ್ನೊಂದ್ಸಲ!"

ಇನ್ನು ಸುಮ್ಮನಿದ್ದರೆ ಉಳಿಗಾಲವಿಲ್ಲವೆಂದು ಸಾಹೇಬರು ಮೈಕು ಕಿತ್ತುಕೊಂಡರು. "ನಿಜ ಹೇಳ್ತೀನಿ ಕೇಳಿ. ನಂಗೆ ಈಜೇ ಬರಲ್ಲ! ದಯವಿಟ್ಟು ಬಿಟ್ಬಿಡಿ!"

ಅಧ್ಯಕ್ಷೆಯ ಹುಬ್ಬು ಮೇಲೇರಿತು. ಕೆಲಸ ಹೋದರೂ ಜೀವ ಉಳಿಯಿತೆಂದು ಸಾಹೇಬರು ನಿಟ್ಟುಸಿರು ಬಿಟ್ಟರು.

"ಕೇಳಿದ್ರೇನ್ರೀ ಎಲ್ಲರೂ?" ಅಧ್ಯಕ್ಷೆ ಮೈಕು ಕಸಿದುಕೊಂಡು ಕೂಗಿದರು. "ಈಜು ಬಾರದವರೂ ನಿಂತ್ಕೊಂಡು ಬರೋ ಅಲೆ ನಮ್ಮದು! ಲೋಕದಲ್ಲಿ ಎಲ್ಲಾದ್ರೂ ಇದ್ಯಾ? ಇನ್ಮೇಲೆ ಪ್ರತಿ ಭಾನುವಾರ ಸಾಹೇಬರದೇ ಪ್ರದರ್ಶನ!"

"ಮೇಡಂ... ಹಾಗಾದ್ರೆ ನಾಳೆಯಿಂದ್ಲೇ ಈಜು ಕಲಿಯೋಕೆ ಶುರು ಮಾಡ್ತೀನಿ," ಎಂದರು ಸಾಹೇಬರು, ಅಳುಮೋರೆ ಹಾಕಿಕೊಂಡು.

"ಖಬರ್ದಾರ್! ಈಜು ಕಲಿತುಬಿಟ್ರೆ ನಿಮ್ಮನ್ನ ಯಾರ್ರೀ ನೋಡೋಕ್ ಬರ್ತಾರೆ?"

"ನೀವೇನೂ ಯೋಚನೆ ಮಾಡ್ಬೇಡಿ ಮೇಡಂ," ಎನ್ನುತ್ತ ಅತ್ತೆ ಹೆಮ್ಮೆಯಿಂದ ಅಳಿಯನ ಮೂಗಿನ ಮರಳು ಒರೆಸಿದರು. "ಅಳಿಯಂದ್ರು ನೀರಿನ ಹತ್ರಾನೂ ಸುಳಿಯದ ಹಾಗೆ ನಾನು ನೋಡ್ಕೊಳ್ತೀನಿ. ಭಾನುವಾರವೊಂದನ್ನು ಬಿಟ್ಟು."