ಒಬ್ಬನೇ ಆಟಗಾರ, ಎಂಟು ಬನಿಯನ್ನು

ಬಣ್ಣದ ವಿಷಯದಲ್ಲಿ ಶಿಸ್ತು ತರುತ್ತೇನೆಂದು ಹೊರಟವನಿಗೆ ಬಣ್ಣವೇ ಆಗಾಗ ಬುದ್ಧಿ ಕಲಿಸುತ್ತದೆ. ನನ್ನ ಮಟ್ಟಿಗೆ ಈ ಪಾಠ ಇಂದಿಗೂ ಮುಗಿದಿಲ್ಲ. ಮೊನ್ನೆ ಆಫೀಸಿನಲ್ಲಿ ಹೊಸದಾಗಿ ಸೇರಿದವರೊಬ್ಬರು ಮೌಸನ್ನು ಒಂದೇ ಒಂದು ಸಲ ಒತ್ತಿ, ಪರದೆಯ ಮೇಲಿದ್ದ ಇಡೀ ಸೈನ್ಯದ ಅಂಗಿಯನ್ನು ನೀಲಿ ಮಾಡಿ, "ಆಯ್ತು ಸಾರ್, ಇನ್ನೇನಾದ್ರೂ ಇದ್ಯಾ?" ಎಂದರು. ಅವರ ಹಿಂದೆ ನಿಂತಿದ್ದ ನನಗೆ ಜೆ.ಪಿ. ನಗರದ ಒಂದು ಮೊದಲ ಮಹಡಿ ನೆನಪಾಯಿತು. ಅಲ್ಲಿ ಏಳು ಜನ ಕಬಡ್ಡಿ ಆಟಗಾರರ ಬನಿಯನ್ನಿನ ಬಣ್ಣ ಬದಲಿಸಲು ನನಗೆ ಮೂರು ವಾರ ಹಿಡಿದಿತ್ತು.

ಆಗ ಬಟನ್ ಫೋನುಗಳ ಕಾಲ. ಆ ಫೋನುಗಳಿಗೆ ನಾವು ಆಟಗಳನ್ನು ಮಾಡುತ್ತಿದ್ದೆವು. ನಾವು ಎಂದರೆ ಮೂವರು: ನನ್ನ ಕಾಲೇಜಿನ ಸ್ನೇಹಿತನೇ ಆದ ಬಾಸ್, ಕೋಡ್ ಬರೆಯುವ ನಾನು, ಚಿತ್ರ ಬರೆಯುವ ಆರ್ಟಿಸ್ಟ್. ಕೆಳಗಿನ ಮನೆಯಲ್ಲಿ ಕಟ್ಟಡದ ಓನರ್ ಅಂಕಲ್. ಕಿಟಕಿಗೆ ಒರಗಿದ ಹೊಂಗೆ ಮರ, ಮೇಜಿನ ತುಂಬ ಹತ್ತಾರು ಬಗೆಯ ಫೋನುಗಳು, ಹನ್ನೊಂದು ಗಂಟೆಗೆ ಕೆಳಗಿನಿಂದ ತೇಲಿ ಬರುವ ಒಗ್ಗರಣೆಯ ಘಮ. ಇಂದಿನ ನಮ್ಮ ಗಾಜಿನ ಆಫೀಸಿನಲ್ಲಿ ಕಾಫಿ ಯಂತ್ರ ಏಳು ಬಗೆಯ ಕಾಫಿ ಕೊಡುತ್ತದೆ. ಒಗ್ಗರಣೆ ಹಾಕುವುದಿಲ್ಲ.

೧. ಈರುಳ್ಳಿ ಸಿಪ್ಪೆ ಎಷ್ಟು?

ನಮ್ಮ ಆರ್ಟಿಸ್ಟ್ ನನಗಿಂತ ಹತ್ತು ವರ್ಷ ದೊಡ್ಡವರು. ಹನುಮಂತನಗರದ ಅರ್ಧ ಅಂಗಡಿಗಳ ಬೋರ್ಡು ಬರೆದ ಕೈ ಅದು. ಫ್ಲೆಕ್ಸ್ ಬಂದಮೇಲೆ ಬೋರ್ಡು ಬರೆಸುವವರು ಯಾರೂ ಉಳಿಯಲಿಲ್ಲ. ನಲವತ್ತರ ಹತ್ತಿರ ಬಂದಾಗ ಕಂಪ್ಯೂಟರ್ ಕಲಿತು ನಮ್ಮಲ್ಲಿ ಸೇರಿದ್ದರು. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ, ಚುಕ್ಕಿ ಚುಕ್ಕಿ ಇಟ್ಟು, ಒಬ್ಬ ಕಬಡ್ಡಿ ಆಟಗಾರನನ್ನು ಬರೆದರು. ಅಷ್ಟು ಪುಟ್ಟ ಚಿತ್ರದಲ್ಲೂ ಅವನು ಬಾಯಿಬಿಟ್ಟು "ಕಬಡ್ಡಿ ಕಬಡ್ಡಿ" ಅನ್ನುತ್ತಿದ್ದುದು ಕಾಣುತ್ತಿತ್ತು.

ಚಿತ್ರ ಚೆನ್ನಾಗಿತ್ತು, ಪದ್ಧತಿ ಸರಿಯಿರಲಿಲ್ಲ. ಕಂಪ್ಯೂಟರಿಗೆ ಬಣ್ಣವೆಂದರೆ ಸಂಖ್ಯೆ. ಇವರು ಹೆಸರು ಹೇಳುತ್ತಿದ್ದರು. ನಾನು ಇಂಗ್ಲಿಷ್ ಮೀಡಿಯಮ್ಮಿನವನು, ಕನ್ನಡದಲ್ಲಿ ನನಗೆ ಗೊತ್ತಿದ್ದ ಬಣ್ಣಗಳು ಏಳೆಂಟು.

"ಈ ಚಡ್ಡಿಯ ಬಣ್ಣ ಯಾವುದು?" ಎಂದೆ.

"ಈರುಳ್ಳಿ ಸಿಪ್ಪೆ ಸಾರ್."

"ಈರುಳ್ಳಿ ಸಿಪ್ಪೆ ಅಂದ್ರೆ ಎಷ್ಟು? ನನಗೆ ಸರಿಯಾದ ಲೆಕ್ಕ ಬೇಕು."

ಅವರು ನನ್ನ ಮುಖ ನೋಡಿ, "ಕೆ.ಜಿ. ಲೆಕ್ಕದಲ್ಲಾ ಸಾರ್?" ಎಂದರು.

ಆ ದಿನದಿಂದ ಪ್ರತಿ ಬಣ್ಣಕ್ಕೂ ಸಂಖ್ಯೆ ಬರೆಯಲೇಬೇಕೆಂದು ಆಜ್ಞೆ ಮಾಡಿದೆ. "ಕಣ್ಣು ಮೋಸ ಮಾಡಬಹುದು, ನಂಬರ್ ಸುಳ್ಳು ಹೇಳಲ್ಲ" ಎಂದು ಗೋಡೆಗೆ ಬರೆದೂ ಅಂಟಿಸಿದೆ. ಅವರು ಸಂಖ್ಯೆ ಬರೆದರು. ಆದರೆ ಪಕ್ಕದಲ್ಲೇ ಇರುವೆ ಅಕ್ಷರದಲ್ಲಿ "ಒಣಮೆಣಸಿನಕಾಯಿ", "ಹಸಿಮೆಣಸಿನಕಾಯಿ", "ಬದನೆಕಾಯಿ" ಎಂದು ಹೆಸರನ್ನೂ ಬರೆದರು. ನಾನು ಅಳಿಸಿದೆ. ಅವರು ಮತ್ತೆ ಬರೆದರು. ಒಂದು ವರ್ಷ ಹೀಗೇ ನಡೆಯಿತು. ಹೊರಗಿನವರು ನಮ್ಮ ಬಣ್ಣದ ಪಟ್ಟಿಯನ್ನು ನೋಡಿದರೆ ತರಕಾರಿ ಚೀಟಿ ಎಂದುಕೊಳ್ಳುತ್ತಿದ್ದರು.

೨. ನೇರಳೆಹಣ್ಣು

ಆಟದಲ್ಲಿ ಎಂಟು ಟೀಮು. ಎಂಟು ಬಣ್ಣದ ಆಟಗಾರರನ್ನು ಬೇರೆ ಬೇರೆ ಬರೆದು ತುಂಬಿಸಲು ಆ ಫೋನುಗಳಲ್ಲಿ ಜಾಗವಿರಲಿಲ್ಲ. ಹಾಗಾಗಿ ಒಬ್ಬನನ್ನೇ ಬಿಳಿ ಬನಿಯನ್ನಿನಲ್ಲಿ ಬರೆಸಿ, ಬಣ್ಣವನ್ನು ಕೋಡಿನಿಂದಲೇ ಬದಲಿಸುವುದೆಂದು ನಿರ್ಧರಿಸಿದೆ.

ನನ್ನ ಮೊದಲ ಕೋಡು ಬಹಳ ಪ್ರಾಮಾಣಿಕವಾಗಿತ್ತು. ಆಟಗಾರ ಹೆಜ್ಜೆ ಇಟ್ಟಾಗಲೆಲ್ಲ ಅದು ಚಿತ್ರದ ಒಂದೊಂದು ಚುಕ್ಕಿಯ ಬಳಿಗೂ ಹೋಗಿ, "ನೀನು ಬಿಳಿಯಾ?" ಎಂದು ಕೇಳುತ್ತಿತ್ತು. ಹೌದಾದರೆ ನೇರಳೆ ಬಳಿಯುತ್ತಿತ್ತು. ಮುಂದಿನ ಹೆಜ್ಜೆಗೆ ಮತ್ತೆ ಮೊದಲಿನಿಂದ ವಿಚಾರಣೆ. ಫೋನಿಗೆ ಇಷ್ಟನ್ನು ವಿಚಾರಿಸಿ ಮುಗಿಸುವಷ್ಟರಲ್ಲಿ ಏದುಸಿರು ಬರುತ್ತಿತ್ತು.

ಬಾಸ್ ನೋಡಿ, "ಮಗಾ, ಇವನು ಕಬಡ್ಡಿ ಆಡ್ತಿದ್ದಾನಾ, ಇಲ್ಲಾ ಡಾಕ್ಟ್ರು ಹೇಳಿದ್ರು ಅಂತ ಲಾಲ್‌ಬಾಗಲ್ಲಿ ವಾಕಿಂಗ್ ಹೋಗ್ತಿದ್ದಾನಾ?" ಎಂದ.

"ವೇಗ ಆಮೇಲೆ ನೋಡೋಣ, ಮೊದಲು ಬಣ್ಣ ನೋಡು" ಎಂದೆ.

ಅಷ್ಟರಲ್ಲಿ ನೀರಿನ ಮೋಟಾರ್ ಆಫ್ ಮಾಡಲು ಮೇಲೆ ಬಂದಿದ್ದ ಓನರ್ ಅಂಕಲ್ಲೂ ಇಣುಕಿದರು. ಅವರಿಗೆ ನಮ್ಮ ಆಟಗಳೆಂದರೆ ಪ್ರಾಣ. ಕನ್ನಡಕ ಸರಿಮಾಡಿಕೊಂಡು, ಫೋನನ್ನು ಮೂಗಿನ ಹತ್ತಿರ ತಂದು, "ಬನಿಯನ್ನು ಚೆನ್ನಾಗಿದೆ ಸಾರ್. ಆದ್ರೆ ಇವನು ನೇರಳೆಹಣ್ಣು ತಿಂದ್ಕೊಂಡು ಯಾಕೆ ಆಟಕ್ಕೆ ಬಂದ?" ಎಂದರು.

ನೋಡಿದರೆ ಹಲ್ಲೂ ನೇರಳೆ! ಬನಿಯನ್ನೂ ಬಿಳಿ, ಹಲ್ಲೂ ಬಿಳಿ, ಕಣ್ಣೂ ಬಿಳಿ. ಕೋಡು ಯಾರಿಗೂ ಪಕ್ಷಪಾತ ಮಾಡಿರಲಿಲ್ಲ.

ಆರ್ಟಿಸ್ಟ್ ಸಂಕೋಚದಿಂದ, "ಸಾರ್, ಬಿಳಿ ಒಂದೇ ಇರಲ್ಲ. ಹಲ್ಲಿಗೆ ಅಕ್ಕಿ ಬಿಳಿ, ಕಣ್ಣಿಗೆ ಮಲ್ಲಿಗೆ ಬಿಳಿ, ಬನಿಯನ್ನಿಗೆ ಸುಣ್ಣದ ಬಿಳಿ ಕೊಡ್ತೀನಿ. ನೀವು ಸುಣ್ಣ ಮಾತ್ರ ಮುಟ್ಟಿ" ಎಂದರು. ಮೂರಕ್ಕೂ ಬೇರೆ ಬೇರೆ ಸಂಖ್ಯೆ ಬಂತು, ಹಲ್ಲು ಉಳಿಯಿತು. ಆದರೆ ಓನರ್ ಅಂಕಲ್ ಮಾತ್ರ ಅಲ್ಲಿಂದಾಚೆಗೆ ಯಾವ ಆಟ ತೋರಿಸಿದರೂ ಮೊದಲು, "ಬಾಯಿ ತೆರೆಸಿ, ಹಲ್ಲು ನೋಡೋಣ" ಎನ್ನುತ್ತಿದ್ದರು, ಥೇಟ್ ದನದ ಜಾತ್ರೆಯಲ್ಲಿ ನಿಂತವರ ಹಾಗೆ.

೩. ಅಂಕಲ್ ಕೊಟ್ಟ ಪಾಠ

ವೇಗದ ಸಮಸ್ಯೆ ಹಾಗೇ ಇತ್ತು. ಅದನ್ನು ಬಿಡಿಸಿದ್ದು ಯಾವ ಪುಸ್ತಕವೂ ಅಲ್ಲ.

ಓನರ್ ಅಂಕಲ್ ಅವರ ಮನೆತನ ಜರಗನಹಳ್ಳಿಯದು. ರಾಗಿ ಬೆಳೆಯುತ್ತಿದ್ದ ತುಂಡು ಜಮೀನಿನಲ್ಲಿ ಸಾಲಾಗಿ ನಾಲ್ಕು ಬಾಡಿಗೆ ಮನೆ ಕಟ್ಟಿಸಿದ್ದರು. ಒಂದು ದಿನ ನಾನು ಆ ಕಡೆ ಹೊರಟಿದ್ದೆ. "ಸಾರ್, ಹಾಗೇ ಈ ಬೀಗದ ಕೈನ ನಮ್ಮ ಹಸಿರು ಮನೇಲಿರೋ ಮೇಡಂಗೆ ಕೊಟ್ಬಿಡಿ" ಎಂದರು.

ಹೋಗಿ ಬೆಲ್ ಒತ್ತಿದೆ. ಅಜ್ಜಿಯೊಬ್ಬರು ಬಾಗಿಲು ತೆರೆದು, "ಹಸಿರು ಮನೆ ಪಕ್ಕದ್ದಲ್ವೇನಪ್ಪಾ? ಇದು ಇಟ್ಟಿಗೆ ಬಣ್ಣದ ಮನೆ. ಕಣ್ಣಿಗೆ ಹೊಡೆಯೋ ಹಾಗೆ ಬಳಿದಿದ್ದಾನಲ್ಲ!" ಎಂದರು.

ನಾನು ಬೆವರೊರೆಸಿಕೊಂಡು ವಾಪಸ್ಸು ಬಂದು ಅಂಕಲ್‌ಗೆ ಖಡಾಖಂಡಿತವಾಗಿ ಹೇಳಿದೆ. "ನಾಲ್ಕು ಮನೇನೂ ಒಂದೇ ಥರ ಕಟ್ಟಿಸಿದ್ರೆ ಬಂದವರು ಹೇಗೆ ಗುರುತು ಹಿಡೀಬೇಕು? ಇದು ಸರಿಯಾದ ಪದ್ಧತಿ ಅಲ್ಲ."

"ಇಂಜಿನಿಯರ್ ಹತ್ರ ಒಂದೇ ಪ್ಲಾನ್ ಮಾಡಿಸ್ದೆ ಸಾರ್, ಅದನ್ನೇ ನಾಲ್ಕು ಸಲ ಕಟ್ಸಿದೆ. ಪೇಂಟ್ ಡಬ್ಬ ಮಾತ್ರ ಬೇರೆ ಬೇರೆ. ಬಣ್ಣ ಬದಲಾಯ್ಸೋಕೆ ಯಾರಾದ್ರೂ ಹೊಸ ಪ್ಲಾನ್ ಬರೆಸ್ತಾರಾ?"

ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ. ಸರಿ ತಾನೆ? ಚಿತ್ರ ಎಂಬುದು ಪ್ಲಾನು. ಅದರ ಒಂದೊಂದು ಚುಕ್ಕಿಯಲ್ಲೂ ಬಣ್ಣ ಇರಬೇಕಿಲ್ಲ, "ಮೂರನೇ ಡಬ್ಬ", "ಐದನೇ ಡಬ್ಬ" ಎಂಬ ಗುರುತು ಇದ್ದರೆ ಸಾಕು. ಡಬ್ಬಗಳದ್ದೊಂದು ಪುಟ್ಟ ಪಟ್ಟಿ ಪ್ರತ್ಯೇಕ. ಮೂರನೇ ಡಬ್ಬದಲ್ಲಿ ಸುಣ್ಣದ ಬದಲು ನೇರಳೆ ಸುರಿದರೆ, ಆ ಗುರುತಿನ ಚುಕ್ಕಿಗಳೆಲ್ಲ ತಾವಾಗಿಯೇ ನೇರಳೆಯಾಗುತ್ತವೆ. ಚುಕ್ಕಿಗಳನ್ನು ಒಂದೊಂದಾಗಿ ವಿಚಾರಿಸುವುದು ಬೇಡ. ಪಂದ್ಯ ಶುರುವಾಗುವ ಮುನ್ನ ಒಂದೇ ಸಲ ಪಟ್ಟಿ ತಿದ್ದಿದರೆ ಮುಗಿಯಿತು.

ಹಾಗೇ ಬರೆದೆ. ಆಟಗಾರ ಜಿಂಕೆಯ ಹಾಗೆ ಓಡಿದ. ಸಂಭ್ರಮದಲ್ಲಿ ಅಂಕಲ್‌ಗೆ ಥ್ಯಾಂಕ್ಸ್ ಹೇಳಿದ್ದೇ ತಪ್ಪಾಯಿತು. ಮರುದಿನದಿಂದ ಮನೆ ನೋಡಲು ಬಂದವರಿಗೆಲ್ಲ ಅವರು ಮಹಡಿ ತೋರಿಸಿ, "ಮೇಲೆ ಸಾಫ್ಟ್‌ವೇರ್ ಕಂಪನಿ. ನಾನೇ ಹೇಳ್ಕೊಡ್ತಿದ್ದೀನಿ" ಎನ್ನತೊಡಗಿದರು.

೪. ಹಿಂದಿನ ಸೀಟು

ನನ್ನ ಮನೆ ಬನಶಂಕರಿ. ಸಂಜೆ ಆರ್ಟಿಸ್ಟರನ್ನು ಸ್ಕೂಟರಿನಲ್ಲಿ ಹನುಮಂತನಗರದವರೆಗೂ ಬಿಟ್ಟು ಬರುತ್ತಿದ್ದೆ. ಅವರದ್ದೊಂದು ಕೆಟ್ಟ ಅಭ್ಯಾಸವಿತ್ತು. ಪ್ರತಿ ಸಿಗ್ನಲ್ಲಿನಲ್ಲೂ ಹಿಂದಿನಿಂದ ವರದಿ: "ಕೆಂಪು ಬಿತ್ತು ಸಾರ್." "ಹಸಿರು ಬಂತು ಸಾರ್, ಹೊರಡಿ."

"ನನಗೂ ಕಣ್ಣಿದೆ" ಎಂದೆ ಒಮ್ಮೆ.

"ಇದೆ ಸಾರ್. ದೊಡ್ಡ ಕಣ್ಣೇ" ಎಂದು, ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ಶುರುಮಾಡಿದರು.

ಕೊಳ್ಳುವವರಿಗೆ ಆಟ ತೋರಿಸುವ ಡೆಮೋಗೆ ಒಂದು ವಾರವಿದ್ದಾಗ ಬಾಸ್ ನನ್ನನ್ನು ಬಾಲ್ಕನಿಗೆ ಕರೆದ. "ಮಗಾ, ಬಣ್ಣ ನಿನ್ನ ಕೋಡೇ ಹಾಕತ್ತೆ ಅಂದ್ಮೇಲೆ ಎಂಟು ಟೀಮು ಬರೆಯೋ ಕೆಲಸ ಉಳೀಲಿಲ್ಲ. ಡೆಮೋ ಆದ್ಮೇಲೆ ಅವರನ್ನ ಇಟ್ಕೊಳ್ಳೋದು ಕಷ್ಟ. ನೀನೇ ಹೇಳ್ಬಿಡು" ಎಂದ.

ನಾನು ಸತ್ಯವನ್ನು ಮುಚ್ಚಿಡುವವನಲ್ಲ, ಅಂದೇ ಸಂಜೆ ಸ್ಕೂಟರಿನ ಮೇಲೆಯೇ ಹೇಳಿದೆ. ಅವರು ಚೀಲವನ್ನು ತೊಡೆಯ ಮೇಲೆ ಸರಿಪಡಿಸಿಕೊಂಡರು. ಆಮೇಲೆ, "ಫ್ಲೆಕ್ಸ್ ಬಂದಾಗ ಯಾರೂ ಹೇಳಿರಲಿಲ್ಲ ಸಾರ್. ಈ ಸಲ ನೀವು ಹೇಳಿದ್ರಿ, ಅಷ್ಟಾದ್ರೂ ಆಯ್ತಲ್ಲ" ಎಂದರು.

ಮುಂದಿನ ಸಿಗ್ನಲ್ಲಿನಲ್ಲಿ ಇಳಿಬಿಸಿಲು ದೀಪಗಳ ಮೇಲೆ ನೇರವಾಗಿ ಬಿದ್ದಿತ್ತು. ಮೂರೂ ಉರಿಯುತ್ತಿರುವಂತೆ ಕಾಣುತ್ತಿತ್ತು. ಮೊದಲ ಬಾರಿಗೆ ಹಿಂದಿನಿಂದ ವರದಿ ಬರಲಿಲ್ಲ. ನಾನು ನಿಂತೇ ಇದ್ದೆ. ಸುತ್ತ ಹಾರ್ನುಗಳು ಶುರುವಾದವು. ಪಕ್ಕದ ಆಟೋದವನು ತಲೆ ಹೊರಹಾಕಿ, "ಏನ್ ಗುರು, ಹಸಿರು ಹಣ್ಣಾಗ್ಲಿ ಅಂತ ಕಾಯ್ತಿದ್ದೀಯಾ?" ಎಂದ.

ಆಗ ಬೆನ್ನ ಹಿಂದಿನಿಂದ ಮೆಲ್ಲಗೆ ಬಂತು: "ಹೊರಡಿ ಸಾರ್."

೫. ಫೈನಲ್ ಪಂದ್ಯ

ಡೆಮೋ ದಿನ ಆಟ ಕೊಳ್ಳುವ ಕಂಪನಿಯಿಂದ ಒಬ್ಬ ಮೇಡಂ ಬಂದರು. ಓನರ್ ಅಂಕಲ್ ಇಸ್ತ್ರಿ ಮಾಡಿದ ಪಂಚೆಯಲ್ಲಿ ಕರೆಯದೆಯೇ ಬಂದು ಕುಳಿತರು. ಆರ್ಟಿಸ್ಟ್ ಬಾಗಿಲ ಹತ್ತಿರ ನಿಂತಿದ್ದರು. ಅವರ ಕುಂಚಗಳಿದ್ದ ಡಬ್ಬಿ ಆಗಲೇ ಚೀಲ ಸೇರಿತ್ತು.

ಲೀಗ್ ಪಂದ್ಯಗಳು ಚೆನ್ನಾಗಿ ನಡೆದವು. ಫೈನಲ್ ಶುರುಮಾಡಿದೆ. ಅಂಗಳದಲ್ಲಿ ಹದಿನಾಲ್ಕು ಜನ, ಹದಿನಾಲ್ಕೂ ಒಂದೇ ಬಣ್ಣ! ಯಾರು ಯಾರನ್ನು ಹಿಡಿಯುತ್ತಿದ್ದಾರೆಂದೇ ತಿಳಿಯುತ್ತಿಲ್ಲ. ನನಗೆ ರಕ್ತ ಕುದಿಯಿತು. ಮೇಡಂ ಎದುರಿಗೇ ಆರ್ಟಿಸ್ಟರ ಕಡೆ ತಿರುಗಿ ಕೇಳಿದೆ: "ಫೈನಲ್‌ಗೆ ಎರಡೂ ಟೀಮಿಗೆ ಒಂದೇ ಬಣ್ಣ ತುಂಬಿದ್ದೀರಲ್ಲ! ಕೊನೆಯ ದಿನ ಅಂತ ಅಸಡ್ಡೆಯಾ?"

ಆರ್ಟಿಸ್ಟ್ ತಲೆತಗ್ಗಿಸಿ, "ತಪ್ಪಾಯ್ತು ಸಾರ್" ಎಂದು ಬಂದು, ಪಟ್ಟಿಯಲ್ಲಿ ಒಂದು ಟೀಮನ್ನು ಅರಿಶಿನ ಮಾಡಿದರು. ಅರೆಕ್ಷಣದ ಕೆಲಸ.

ಮೇಡಂ ಗೊಂದಲದಿಂದ ಕೇಳಿದರು. "ಯಾಕೆ ಬದಲಾಯ್ಸಿದ್ರಿ? ಒಂದು ಕೆಂಪು, ಒಂದು ಹಸಿರು, ಚೆನ್ನಾಗೇ ಇತ್ತಲ್ಲ?"

ನಾನು ಪಟ್ಟಿಯನ್ನು ಎಳೆದುಕೊಂಡು ನೋಡಿದೆ. ಹಳೆಯ ಎರಡು ಸಂಖ್ಯೆಗಳು ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ದೂರ ಇದ್ದವು. ಪಕ್ಕದಲ್ಲಿ ಇರುವೆ ಅಕ್ಷರ: ಒಣಮೆಣಸಿನಕಾಯಿ, ಹಸಿಮೆಣಸಿನಕಾಯಿ. ನಂಬರ್ ಸುಳ್ಳು ಹೇಳಿರಲಿಲ್ಲ, ಮೋಸ ಮಾಡಿದ್ದು ನನ್ನ ಕಣ್ಣು.

ಓನರ್ ಅಂಕಲ್ ತೊಡೆ ತಟ್ಟಿಕೊಂಡು ಎದ್ದರು. "ಅದಕ್ಕೇನಾ ಸಾರ್ ನಿಮಗೆ ನಮ್ಮ ಹಸಿರು ಮನೆ ಸಿಗದೇ ಹೋಗಿದ್ದು! ನನ್ನ ಪ್ಲಾನಿಗೆ ಬೈದ್ರಲ್ಲಾ!"

ಮದುವೆಯಾದ ಮೂರನೇ ತಿಂಗಳಿಗೇ ಟೊಮ್ಯಾಟೊ ತರುವ ಕೆಲಸವನ್ನು ಹೆಂಡತಿ ನನ್ನ ಕೈಯಿಂದ ಏಕೆ ಕಿತ್ತುಕೊಂಡಳೆಂದು ನನಗೂ ಆಗಲೇ ಹೊಳೆಯಿತು.

ತಪ್ಪನ್ನು ಮಾಡಿದ ಜಾಗದಲ್ಲೇ ಒಪ್ಪಿಕೊಳ್ಳಬೇಕೆಂಬುದು ನನ್ನ ನಿಯಮ. ಎಲ್ಲರ ಮುಂದೆ ಎದ್ದು ನಿಂತು ಆರ್ಟಿಸ್ಟರ ಕ್ಷಮೆ ಕೇಳಿದೆ. ಮೇಡಂ ನಗುತ್ತ, "ಆಡೋರಲ್ಲೂ ಇವರ ಥರದವರು ಇರ್ತಾರೆ, ಅರಿಶಿನಾನೇ ಇರ್ಲಿ" ಎಂದು ಆಟವನ್ನು ಒಪ್ಪಿಕೊಂಡರು. ಬಾಸ್ ಆರ್ಟಿಸ್ಟರ ಚೀಲವನ್ನು ಕಿತ್ತು ಮೇಜಿನ ಮೇಲಿಟ್ಟ. "ಕೋಡು ಬಣ್ಣ ಹಾಕತ್ತೆ, ಸರಿ. ಹಾಕಿದ್ದು ಯಾವ ಬಣ್ಣ ಅಂತ ಈ ಮಹಾರಾಯನಿಗೆ ಹೇಳೋಕೆ ಒಬ್ರು ಬೇಕಲ್ಲ! ನೀವೆಲ್ಲೂ ಹೋಗೋ ಹಾಗಿಲ್ಲ" ಎಂದ.

ನನಗೆ ಒಂದೇ ಪ್ರಶ್ನೆ ಉಳಿದಿತ್ತು. "ನಿಮಗೆ ಇದು ಯಾವಾಗಿನಿಂದ ಗೊತ್ತು?"

"ಸ್ಕೂಟರ್ ಹತ್ತಿದ ಮೊದಲನೇ ದಿನದಿಂದ ಸಾರ್. ಸಿಗ್ನಲ್ ನೋಡ್ತಾ ನೀವು 'ಒಂದನೇದು ಆರಿತು, ಮೂರನೇದು ಹತ್ತಿತು' ಅಂತ ಗೊಣಗ್ತಿದ್ರಿ."

"ಮತ್ತೆ ಒಂದು ವರ್ಷದಿಂದ ಯಾಕೆ ಹೇಳ್ಲಿಲ್ಲ?"

ಅವರು ಕತ್ತು ಕೆರೆದುಕೊಂಡರು.

"ಹೇಳಿದ್ರೆ ನೀವು ಶಿಸ್ತಿನ ಮನುಷ್ಯ, ಅವತ್ತೇ ಸ್ಕೂಟರ್ ಓಡ್ಸೋದು ನಿಲ್ಲಿಸ್ಬಿಡ್ತಿದ್ರಿ. ಇಲ್ಲಿಂದ ಹನುಮಂತನಗರಕ್ಕೆ ಎರಡು ಬಸ್ ಹತ್ತಿ ಇಳೀಬೇಕು ಸಾರ್!"