ನಮ್ಮ ವಕೀಲರ ಮೌನವ್ರತ

ಒಬ್ಬ ವಕೀಲರನ್ನು ಹಿಡಿದರೆ ಮನುಷ್ಯ ನಿಶ್ಚಿಂತೆಯಿಂದ ಇರಬಹುದು ಎಂದು ಯಾರೋ ಹೇಳಿದ್ದನ್ನು ನಂಬಿದವನು ನಾನು. ಅಂದಿನಿಂದ ನನಗೆ ಮುಂದೆ ಹೇಳುವಂಥವು ಆಗುತ್ತಲೇ ಇವೆ.

ನಮ್ಮೂರು ವಾಡಿಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಸಂದಿ. ಪಕ್ಕದ ಮನೆಯ ಕಾಕಾ ಅಲ್ಲಿ ಶಹಾಬಾದ ಕಲ್ಲಿನ ಮೆಟ್ಟಿಲು ಇಡಿಸಿದರು. ನಮ್ಮವ್ವನ ಗಾಲಿಕುರ್ಚಿ ಹೊರಗೆ ಬರದಂತಾಯಿತು. ಮಾತಿಗೆ ಮಾತು ಬೆಳೆಯಿತು. ಶಾಲೆಯಲ್ಲಿ ಪೌರನೀತಿ ಕಲಿಸುವ ಮಾಸ್ತರ ನಾನು, ಸುಮ್ಮನಿರುತ್ತೇನೆಯೇ? ಚಿತ್ತಾಪುರದ ಕೋರ್ಟಿಗೆ ಹೋಗಿ, ವಕೀಲರನ್ನು ಹಿಡಿದು, ಕಾಕಾರ ಮೇಲೆ ಕೇಸು ಹಾಕಿದೆ.

ಕೈಸನ್ನೆ

ಮೊದಲ ತಾರೀಖಿಗೆ ವಕೀಲರನ್ನು ಕೇಳಿದೆ: "ಸಾಹೇಬ್ರ, ನಮ್ಮ ಕೇಸ್ ಹ್ಯಾಂಗದರಿ?"

ಅವರು ಬಾಯಿ ಬಿಡಲಿಲ್ಲ. ಅಂಗೈ ಎತ್ತಿ ತೋರಿಸಿ ನಡೆದುಬಿಟ್ಟರು. ಮನೆಗೆ ಬಂದು ಹೆಂಡತಿಗೆ ಹೇಳಿದೆ: "ಅಭಯ ಕೊಟ್ಟಾರ. ಗೆದ್ದಂಗೇ ಅಂತ ತಿಳಕೋ."

ಮುಂದಿನ ತಾರೀಖಿಗೆ ಚಹಾದವನು ಅವರ ಮುಂದೆ ಬಂದು ನಿಂತ. ಅವನಿಗೂ ಅದೇ ಅಂಗೈ. ಅವನು ಕಪ್ಪು ವಾಪಸ್ ತೆಗೆದುಕೊಂಡು ಹೋದ. ನನ್ನ ಕೇಸಿಗೂ ಚಹಾಕ್ಕೂ ಒಂದೇ ಉತ್ತರ ಎಂದು ಅವತ್ತು ತಿಳಿಯಿತು. ಹೆಂಡತಿಗೆ ಮಾತ್ರ ಹೇಳಲಿಲ್ಲ.

ವಕೀಲರ ಬೆನ್ನು ಹತ್ತಿ

ಫೋನು ಎತ್ತುವುದಿಲ್ಲ. ಒಂದು ದಿನ ರಜೆ ಹಾಕಿ ಅವರ ಆಫೀಸಿಗೇ ಹೋದೆ. ಗುಮಾಸ್ತ ಹೇಳಿದ: "ಸಾಹೇಬ್ರು ಸೇಡಂಗ ಹೋಗ್ಯಾರ್ರಿ."

ಸೇಡಂಗೆ ಹೋದೆ. "ಈಗೇ ಚಿಂಚೋಳಿಗಿ ಹೋದ್ರಲ್ರಿ" ಎಂದರು. ಹಠ ನೋಡಿ ನಂದು, ಸಿಕ್ಕ ಬಸ್ಸು ಹತ್ತಿದೆ. ಚಿಂಚೋಳಿಯ ಕೋರ್ಟು ಅಷ್ಟೊತ್ತಿಗೆ ಖಾಲಿ. ಪಕ್ಕದ ಚಂದಾಪುರದಲ್ಲಿ ವಾಪಸ್ ಬಸ್ಸಿಗೆ ಕಾಯುತ್ತಿದ್ದಾಗ ಹೆಂಡತಿಯ ಫೋನು ಬಂತು.

"ಎಲ್ಲಿದ್ದೀರ್ರಿ? ನಿಮ್ಮ ವಕೀಲ್ರು ನಮ್ಮ ವಾಡಿ ಸ್ಟೇಷನ್‌ದಾಗ ಭಜಿ ತಿನ್ನಾಕತ್ತಿದ್ರಂತ. ಕಾಕಾ ನೋಡ್ಯಾರ."

"ತಾರೀಖು ಯಾವಾಗಂತ ಕಾಕಾ ಕೇಳಬೇಕಿಲ್ಲೇನು?"

"ಕೇಳ್ಯಾರ. ಸೋಮವಾರ ಅಂತ. ನಿಮಗ ಹೇಳಂದಾರ."

ಯಾರ ಮೇಲೆ ಕೇಸು ಹಾಕಿದ್ದೆನೋ ಅವರಿಂದಲೇ ತಾರೀಖು ತಿಳಿದುಕೊಂಡ ಶೂರ ನಾನು.

ಎದುರುಪಾರ್ಟಿಯ ಬುತ್ತಿ

ಆಮೇಲೆ ಕಾಕಾ ಮತ್ತು ನಾನು ಒಂದೇ ರೈಲಿಗೆ ಕೋರ್ಟಿಗೆ ಹೋಗತೊಡಗಿದೆವು. ಹೊರಡುವ ಮುಂಚೆ ಇಬ್ಬರೂ ಸೇರಿ ಅವ್ವನ ಕುರ್ಚಿ ಎತ್ತಿ, ಮೆಟ್ಟಿಲು ದಾಟಿಸಿ, ಬಿಸಿಲಿಗೆ ಇಡುತ್ತಿದ್ದೆವು. "ಕೇಸ್ ಬ್ಯಾರೆ, ಅಕ್ಕ ಬ್ಯಾರೆ" ಅನ್ನುತ್ತಿದ್ದರು ಕಾಕಾ. ಮಧ್ಯಾಹ್ನ ಅವರ ಬುತ್ತಿಯ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು, ಸಂಜೆ ಅವರ ವಿರುದ್ಧವೇ ದೇವರಿಗೆ ಕೈ ಮುಗಿಯುತ್ತಿದ್ದೆ.

ಒಮ್ಮೆ ಅವರು ಕೇಳಿದರು: "ಮಾಸ್ತರ್ರ, ನಿಮ್ಮ ವಕೀಲ್ರು ಏನಂತಾರ್ರಿ?"

ಮರ್ಯಾದೆಯ ಪ್ರಶ್ನೆ. "ಕೇಸ್ ಭಾಳ ಗಟ್ಟಿ ಅದ ಅಂತಾರ. ನಿಮ್ಮವ್ರು?"

"ನಮ್ಮವ್ರೂ ಹಂಗೇ ಅಂತಾರ" ಎಂದವರು, ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು: "ಖರೇ ಹೇಳಲೇನ್ರಿ? ಅವ್ರು ನನ್ನ ಜೋಡಿ ಮಾತೇ ಆಡಂಗಿಲ್ಲ."

ನಾನೂ ಖರೆ ಹೇಳಬಹುದಿತ್ತು. ಹೇಳಲಿಲ್ಲ. "ಪಾಪ" ಅಂದೆ.

ರಾಜಿ

ಕೊನೆಗೆ ತೀರ್ಪು ಕೊಟ್ಟವಳು ಅವ್ವ. ಒಂದು ಮುಂಜಾನೆ ನಾವಿಬ್ಬರೂ ಏದುಸಿರು ಬಿಡುತ್ತ ಅವಳ ಕುರ್ಚಿ ಎತ್ತಿದಾಗ ಮೇಲಿಂದಲೇ ಕೇಳಿದಳು: "ದಿನಾ ನನ್ನ ಎತ್ತೋ ಬದಲಿ, ಆ ಕಲ್ಲು ಒಮ್ಮೆ ಎತ್ತಿ ಆಕಡಿ ಇಡ್ಲಿಕ್ಕ ಏನಾಗ್ಯಾದ ನಿಮಗ?"

ಇಬ್ಬರಿಗೂ ನಾಚಿಕೆಯಾಯಿತು. ಮಧ್ಯಾಹ್ನದೊಳಗೆ ಮೆಟ್ಟಿಲು ಕಾಕಾರ ಮನೆಯ ಮುಂಭಾಗಕ್ಕೆ ಹೋಯಿತು. ಅವ್ವನ ಕುರ್ಚಿ ಸರಾಗ ಹೊರಗೆ ಬಂತು. ನನಗೆ ಕಣ್ಣು ತುಂಬಿತು. ವಕೀಲರ ಗುಮಾಸ್ತನಿಗೆ ರಾಜಿಯಾದ ಸುದ್ದಿ ಮುಟ್ಟಿಸಿದೆ.

ಸಂಜೆ ಫೋನು ಬಂತು. ಸಾಕ್ಷಾತ್ ವಕೀಲರು! ನಾನು ಎದ್ದು ನಿಂತೆ. ಮನೆಯವರೆಲ್ಲ ಸುತ್ತ ಸೇರಿದರು.

"ಏನ್ ಮಾಸ್ತರ್ರ," ವಕೀಲರ ದನಿ ನಡುಗುತ್ತಿತ್ತು, "ರಾಜಿ ಮಾಡ್ಕೊಂಡ್ರಂತ. ನಿಮ್ಮ ವಕೀಲ ನಾನು. ನನಗೊಂದು ಮಾತು ಹೇಳಬೇಕಂತ ಅನಿಸಲಿಲ್ಲೇನ್ರಿ? ಏನೂ ತಿಳಿಸದಿದ್ರ ಮನುಷ್ಯಾಗ ಎಷ್ಟು ಬ್ಯಾಸರ ಆಗ್ತದ, ಗೊತ್ತದೇನು?"

ನನಗೆ ನಿಜಕ್ಕೂ ಕೆಡುಕೆನಿಸಿತು. "ತಪ್ಪಾಯ್ತ್ರಿ ಸಾಹೇಬ್ರ," ಎಂದೆ, "ಮುಂದಿನ ಕೇಸಿನಾಗ ಹಿಂಗ ಮಾಡಂಗಿಲ್ರಿ."